ಪದ್ಯ ಕೊನೆಗೆ: ಇಟಾಲಿಯನ್ ಒಪೆರಾಕ್ಕೆ ಲಿಬ್ರೆಟ್ಟೊ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

ಇಟಾಲಿಯನ್ ಕಲಿತು, ಸಂಯೋಜಕರೊಬ್ಬರ ಜೊತೆ ಸೇರಿ ಒಪೆರಾಕ್ಕೆ ಪಠ್ಯ, ಅಂದರೆ ಲಿಬ್ರೆಟ್ಟೊ, ಬರೆಯಲು ಹೊರಟವರ ಹಸ್ತಪ್ರತಿಗಳು ಬಹುಮಟ್ಟಿಗೆ ಒಂದೇ ಕಡೆ ಮುಗ್ಗರಿಸುತ್ತವೆ. ಮೊದಲ ಅಂಕದಿಂದ ಕೊನೆಯ ಅಂಕದವರೆಗೆ ಪದ್ಯ ಸಿದ್ಧವಾಗಿರುತ್ತದೆ, ಪ್ರಾಸವೂ ಕೂಡಿರುತ್ತದೆ. ಸಂಯೋಜಕರು ಓದಿ, ಚೆನ್ನಾಗಿದೆ ಎಂದು ಹೇಳಿ, ನಾಲ್ಕನೇ ಪುಟದ ಆಚೆಗೆ ಸ್ವರ ಹಾಕುವುದೇ ಇಲ್ಲ. ವ್ಯಾಕರಣ ತಿದ್ದಿದರೆ ಇದು ಸರಿಹೋಗುವುದಿಲ್ಲ. ಎಲ್ಲಕ್ಕಿಂತ ಕೊನೆಗೆ ಬರೆಯಬೇಕಾದ ಪದ್ಯವನ್ನು ಮೊದಲು ಬರೆದದ್ದೇ ಇದಕ್ಕೆಲ್ಲ ಕಾರಣ.

ಕೆಳಗಿನ ಕ್ರಮ 19ನೇ ಶತಮಾನದ ಇಟಲಿಯ ರಂಗಮಂದಿರಗಳದ್ದು. ಉದಾಹರಣೆಗಳೆಲ್ಲ ಸಂಯೋಜಕರಾದ ವೆರ್ದಿ ಮತ್ತು ಪುಚ್ಚೀನಿಯ ಜೊತೆ ದುಡಿದ ಕವಿಗಳವು. ಅವರ ನಡುವಿನ ಪತ್ರಗಳು ಉಳಿದಿರುವುದರಿಂದ ಯಾವ ಹಂತದಲ್ಲಿ ಯಾವ ಜಗಳ ಆಯಿತು ಎಂಬುದು ನಮಗೆ ತಿಳಿದಿದೆ.

## ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಒಂದು ಸ್ಟಾಪ್‌ವಾಚ್. ಒತ್ತು, ಅಂದರೆ ಉಚ್ಚಾರದ ಬಲ, ಪದದಲ್ಲಿ ಎಲ್ಲಿ ಬೀಳುತ್ತದೆಂದು ಗುರುತಿಸಿಕೊಡುವ ಇಟಾಲಿಯನ್ ನಿಘಂಟು, ಏಕೆಂದರೆ ಕೊನೆಯ ಸ್ವರದ ಮೇಲೆ ಬೀಳುವ ಒತ್ತನ್ನು ಬಿಟ್ಟರೆ ಉಳಿದ ಒತ್ತುಗಳನ್ನು ಆ ಭಾಷೆ ಸಾಮಾನ್ಯವಾಗಿ ಬರೆದು ತೋರಿಸುವುದಿಲ್ಲ. ರಿಮಾರಿಯೊ, ಅಂದರೆ ಪ್ರಾಸಕೋಶ. ಒಂದೇ ಒಪೆರಾದ ಮುದ್ರಿತ ಲಿಬ್ರೆಟ್ಟೊ ಮತ್ತು ಪಿಯಾನೊ ಸಹಿತವಾದ ಗಾಯನ ಸ್ವರಲಿಪಿ. ಹೊಸಬರಿಗೆ ವೆರ್ದಿಯ 'ರಿಗೊಲೆತ್ತೊ' ಸಾಕು. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು, ಪುಟದ ಮೇಲಿನ ನಾಲ್ಕು ಸಾಲು ಸ್ವರಲಿಪಿಯಲ್ಲಿ ಎಷ್ಟು ಪುಟ ಹಿಡಿದಿದೆ ಎಂದು ಒಂದು ದಿನ ಕೂತು ನೋಡಿ. ಮುಂದಿನ ಹಂತಗಳು ಅರ್ಥವಾಗಲು ಈ ಕೆಲಸಕ್ಕೆ ಬದಲಿ ಇಲ್ಲ.

## ಹಂತ 1: ವಸ್ತು, ಹಕ್ಕು, ಬಿಟ್ಟುಕೊಡಲಾಗದ ಅಂಶಗಳು

ಮೂಲ ಕೃತಿ ಇನ್ನೊಬ್ಬರದಾಗಿದ್ದರೆ ಮೊದಲು ಹಕ್ಕು. ಲೇಖಕರ ಮರಣಾನಂತರ ಯುರೋಪಿನಲ್ಲಿ 70 ವರ್ಷ, ಭಾರತದಲ್ಲಿ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ನಾಟಕ ಎಲ್ಲಿ ಆಡಲಿದೆಯೋ ಅಲ್ಲಿನ ಲೆಕ್ಕ ನೋಡಿಕೊಳ್ಳಿ. 'ತೋಸ್ಕಾ' ನಾಟಕದ ಹಕ್ಕು ಸಂಯೋಜಕ ಆಲ್ಬೆರ್ತೊ ಫ್ರಾಂಕೆತ್ತಿಯ ಕೈಯಲ್ಲಿದ್ದಾಗ ಲಿಬ್ರೆಟಿಸ್ಟ್ ಲುಯಿಜಿ ಇಲ್ಲಿಕಾ ಅದಾಗಲೇ ಅವನಿಗಾಗಿ ಪಠ್ಯ ಬರೆಯುತ್ತಿದ್ದ. ಫ್ರಾಂಕೆತ್ತಿ ಹಕ್ಕು ಬಿಟ್ಟುಕೊಟ್ಟ ಮೇಲಷ್ಟೇ ಅದು ಪುಚ್ಚೀನಿಯ ಒಪೆರಾ ಆಯಿತು.

ಹಕ್ಕು ಸಿಕ್ಕ ಮೇಲೆ ಸಂಯೋಜಕರ ಜೊತೆ ಕೂತು ಒಂದೇ ಒಂದು ಚೀಟಿ ಬರೆಯಿರಿ: ಈ ಕಥೆಯಲ್ಲಿ ಏನನ್ನು ತೆಗೆದರೆ ನಮಗೆ ಕಥೆಯೇ ಬೇಡ? ಮೂರು ಅಂಶಗಳಿಗಿಂತ ಹೆಚ್ಚು ಬೇಡ. 1850ರ ಡಿಸೆಂಬರ್‌ನಲ್ಲಿ ವೆನಿಸ್‌ನ ಸೆನ್ಸಾರ್ ಅಧಿಕಾರಿಗಳು 'ರಿಗೊಲೆತ್ತೊ'ದ ಮೊದಲ ರೂಪವನ್ನು ನಿಷೇಧಿಸಿದಾಗ ಈ ಚೀಟಿಯ ಬೆಲೆ ತಿಳಿಯಿತು. ಲಿಬ್ರೆಟಿಸ್ಟ್ ಫ್ರಾಂಚೆಸ್ಕೊ ಮರಿಯಾ ಪಿಯಾವೆ ತಿದ್ದಿಕೊಟ್ಟ ಪ್ರತಿಯಲ್ಲಿ ವಿದೂಷಕನ ಗೂನೂ ಇರಲಿಲ್ಲ, ಹೆಣ ತುಂಬುವ ಚೀಲವೂ ಇರಲಿಲ್ಲ. ವೆರ್ದಿ ಅದನ್ನು ಒಪ್ಪಲಿಲ್ಲ. ಆದರೆ ಮೂಲ ಕಥೆಯ ಫ್ರಾನ್ಸಿನ ರಾಜ ಮಾಂತುವಾದ ಡ್ಯೂಕ್ ಆಗುವುದಕ್ಕೆ ಅವನ ತಕರಾರಿರಲಿಲ್ಲ. ಅಧಿಕಾರ ಸ್ಥಾನ ಬದಲಾಗಬಹುದು, ಗೂನು ಮತ್ತು ಚೀಲ ಬದಲಾಗಕೂಡದು ಎಂಬ ಸ್ಪಷ್ಟತೆ ಇದ್ದುದರಿಂದಲೇ 1851ರ ಮಾರ್ಚ್ 11ರ ಪ್ರದರ್ಶನ ಸಾಧ್ಯವಾಯಿತು.

ಎಚ್ಚರಿಕೆಯ ಸೂಚನೆ: ನೀವು ಬರೆದ ಮೂರು ಅಂಶಗಳೂ ಸಂಯೋಜಕರು ಬರೆದ ಮೂರೂ ಬೇರೆ ಬೇರೆಯಾಗಿದ್ದರೆ ಇಲ್ಲಿಯೇ ನಿಲ್ಲಿಸಿ. ಇಬ್ಬರೂ ಎರಡು ಬೇರೆ ಒಪೆರಾ ಬರೆಯಲು ಹೊರಟಿದ್ದೀರಿ.

## ಹಂತ 2: ಕಥೆಗೆ ಕತ್ತರಿ

ಹಾಡಿದ ಸಾಲಿಗೆ ಆಡಿದ ಮಾತಿನ ಎರಡು ಮೂರು ಪಟ್ಟು ಸಮಯ ಬೇಕು. ಆದ್ದರಿಂದ ನಾಟಕವನ್ನು 'ಸಂಕ್ಷೇಪಿಸಿದರೆ' ಸಾಲದು, ಅದರ ಎಲುಬನ್ನೇ ತೆಗೆಯಬೇಕಾಗುತ್ತದೆ.

ಶೇಕ್ಸ್‌ಪಿಯರ್‌ನ 'ಒಥೆಲೊ' ನಾಟಕದ ಇಡೀ ಮೊದಲ ಅಂಕ ವೆನಿಸ್‌ನಲ್ಲಿ ನಡೆಯುತ್ತದೆ. ಲಿಬ್ರೆಟಿಸ್ಟ್ ಅರ್ರೀಗೊ ಬೊಯಿತೊ ಅದನ್ನು ಪೂರ್ತಿ ಕೈಬಿಟ್ಟು, ಸೈಪ್ರಸ್ ಕಡಲಿನ ಬಿರುಗಾಳಿಯಿಂದ ವೆರ್ದಿಯ 'ಒತೆಲ್ಲೊ'ವನ್ನು ಆರಂಭಿಸಿದ. ತೆಗೆದ ಅಂಕದಲ್ಲಿದ್ದ ಒಂದು ವಿಷಯ ಮಾತ್ರ ಬೇಕೇ ಬೇಕಿತ್ತು: ಒಥೆಲೊ ಮತ್ತು ಡೆಸ್ಡಿಮೋನಾ ಇಬ್ಬರಿಗೆ ಪ್ರೀತಿ ಹುಟ್ಟಿದ್ದು ಹೇಗೆ? ಮೂಲದಲ್ಲಿ ನಾಯಕ ಅದನ್ನು ಸೆನೆಟ್ ಸಭೆಯ ಎದುರು ವಿವರಿಸುತ್ತಾನೆ. ಬೊಯಿತೊ ಅದೇ ಮಾತನ್ನು ಗಂಡಹೆಂಡಿರ ರಾತ್ರಿಯ ಯುಗಳಗೀತೆಗೆ ಹಂಚಿದ. ವಿವರಣೆ ಪ್ರೇಮದೃಶ್ಯವಾಯಿತು, ಒಂದು ಅಂಕದ ಸಮಯವೂ ಉಳಿಯಿತು. ಕತ್ತರಿ ಹಾಕುವಾಗ ಕೇಳಬೇಕಾದ ಪ್ರಶ್ನೆ ಇದು: ಈ ಮಾಹಿತಿಯನ್ನು ಬೇರೆ ಯಾರು, ಯಾವ ಭಾವದಲ್ಲಿ ಹಾಡಬಹುದು?

ಸಾಮಾನ್ಯ ತಪ್ಪು: ಹಿಂದಿನ ಕಥೆಯನ್ನು ಹೇಳಲೆಂದೇ ಒಂದು ಪಾತ್ರವನ್ನು ತರುವುದು. 'ಇಲ್ ತ್ರೊವತೋರೆ' ಇದೇ ಅಪಾಯದಿಂದ ಆರಂಭವಾಗುತ್ತದೆ. ಕಾವಲುಗಾರರ ನಾಯಕ ಹಾಡಿ ಹೇಳುವ ಆ ಪೂರ್ವಕಥೆಯನ್ನು ತಪ್ಪಿಸಿಕೊಂಡ ಪ್ರೇಕ್ಷಕನಿಗೆ ಯಾರ ಮಗು ಬೆಂಕಿಗೆ ಬಿತ್ತು ಎಂಬುದು ಕೊನೆಯವರೆಗೂ ಗೊಂದಲವೇ. ಅಲ್ಲಿ ವೆರ್ದಿಯ ಸಂಗೀತ ಕಾಪಾಡಿತು; ಆ ಭರವಸೆ ಎಲ್ಲರಿಗೂ ಸಿಗುವುದಿಲ್ಲ.

## ಹಂತ 3: ಕಂಠಗಳ ಪಟ್ಟಿ

ಪಾತ್ರಗಳ ಹೆಸರಿನ ಎದುರು ಕಂಠ ಬರೆಯಿರಿ: ಸೊಪ್ರಾನೊ, ಮೆಝೊ (ಹೆಣ್ಣಿನ ಎತ್ತರದ, ಮಧ್ಯದ ಕಂಠ), ಟೆನರ್, ಬ್ಯಾರಿಟೋನ್, ಬಾಸ್ (ಗಂಡಿನ ಎತ್ತರದ, ಮಧ್ಯದ, ತಗ್ಗಿನ ಕಂಠ), ಕೋರಸ್ (ಸಮೂಹ). ಇದು ಸಂಯೋಜಕರ ತೀರ್ಮಾನ, ನೀವು ಸಲಹೆ ಕೊಡಬಹುದು ಅಷ್ಟೆ. ನಂತರ ಪ್ರತಿ ದೃಶ್ಯದಲ್ಲಿ ಯಾರು ಹಾಡುತ್ತಾರೆ, ಯಾರು ಸುಮ್ಮನೆ ನಿಂತಿರುತ್ತಾರೆ ಎಂಬುದನ್ನು ಮನೆ ಹಾಕಿದ ಕಾಗದದಲ್ಲಿ ತುಂಬಿ. ಒಬ್ಬನೇ ಗಾಯಕನಿಗೆ ಎರಡು ದೊಡ್ಡ ಹಾಡುಗಳು ಬೆನ್ನಿಗೆ ಬೆನ್ನಾಗಿ ಬಂದಿವೆಯೇ? ಇಡೀ ಅಂಕದಲ್ಲಿ ಹೆಣ್ಣುಕಂಠವೇ ಇಲ್ಲವೇ? ಕೋರಸ್ ಬಟ್ಟೆ ಬದಲಿಸಲು ಸಮಯವಿದೆಯೇ? ಕಾಗದ ನೋಡಿದ ಕೂಡಲೇ ಗೊತ್ತಾಗುತ್ತದೆ. ಪದ್ಯ ಬರೆದ ಮೇಲೆ ಇದು ಗೊತ್ತಾದರೆ ದೃಶ್ಯಗಳನ್ನೇ ಕಿತ್ತು ಮರುಜೋಡಿಸಬೇಕು.

## ಹಂತ 4: ಗದ್ಯದ ಕರಡು ಮತ್ತು ಹಾಡುಗಳ ಹಂಚಿಕೆ

ಇಟಾಲಿಯನ್ನರು ಇದನ್ನು ಸೆಲ್ವಾ ಎನ್ನುತ್ತಿದ್ದರು. ಇಡೀ ಒಪೆರಾ, ಸಂಭಾಷಣೆ ಸಹಿತ, ಸರಳ ಗದ್ಯದಲ್ಲಿ. ಒಂದು ಸಾಲೂ ಪದ್ಯ ಬೇಡ. 'ಐದಾ' ಕೂಡ ಮೊದಲು ಫ್ರೆಂಚ್ ಗದ್ಯದಲ್ಲಿಯೇ ರೂಪುಗೊಂಡಿತು. ಅಂತೋನಿಯೊ ಗಿಸ್ಲಾನ್ಸೋನಿ ಅದನ್ನು ಇಟಾಲಿಯನ್ ಪದ್ಯಕ್ಕೆ ತಂದದ್ದು ಆಮೇಲೆ. ಈ ಹಂತದಲ್ಲಿ ಆತುರ ಪಡುವವರೇ ಹೆಚ್ಚು, ಸೋಲುವವರೂ ಅವರೇ.

ಗದ್ಯದ ಅಂಚಿನಲ್ಲಿ ಎರಡೇ ಗುರುತು ಹಾಕಿ: ಇಲ್ಲಿ ಘಟನೆ ನಡೆಯುತ್ತದೆ, ಇಲ್ಲಿ ಗಡಿಯಾರ ನಿಲ್ಲುತ್ತದೆ. ಘಟನೆಯ ಜಾಗದಲ್ಲಿ ಮಾತು ಓಡಬೇಕು, ಅದು ರೆಚಿತಾತಿವೊ. ಗಡಿಯಾರ ನಿಂತಲ್ಲಿ ಮನಸ್ಸು ಹಾಡುತ್ತದೆ, ಅದು ಆರಿಯಾ ಅಥವಾ ಮೇಳಗೀತೆ. 19ನೇ ಶತಮಾನದ ಮಧ್ಯಭಾಗದ ಮಾದರಿಯಲ್ಲಿ ಬರೆಯುವುದಾದರೆ ಒಂದು ಆರಿಯಾದ ಒಳಗೇ ಈ ಎರಡೂ ಸರದಿಯಂತೆ ಬರುತ್ತವೆ: ಮೊದಲು ಮಾತಿನ ದೃಶ್ಯ, ನಂತರ ನಿಧಾನಗತಿಯ ಕಾಂತಾಬಿಲೆ, ನಡುವೆ ತೆಂಪೊ ದಿ ಮೆಝೊ, ಕೊನೆಗೆ ವೇಗದ ಕಬಲೆತ್ತಾ.

ಆ ನಡುವಿನ ಭಾಗದಲ್ಲಿಯೇ ಹೊಸಬರು ಎಡವುತ್ತಾರೆ. ನಿಧಾನದ ಹಾಡಿನಿಂದ ವೇಗದ ಹಾಡಿಗೆ ಹೋಗಲು ಕಾರಣ ಬೇಕು. 'ಇಲ್ ತ್ರೊವತೋರೆ'ಯ ಮೂರನೇ ಭಾಗದಲ್ಲಿ ನಾಯಕ ಮನ್ರೀಕೊ ತನ್ನವಳಿಗೆ ಮೆಲ್ಲಗೆ ಹಾಡುತ್ತಿರುತ್ತಾನೆ. ಅವನ ಸೈನಿಕ ರುಯಿಸ್ ಓಡಿಬಂದು ಸುದ್ದಿ ಹೇಳುತ್ತಾನೆ: ಮನ್ರೀಕೊನ ತಾಯಿಯನ್ನು ಸುಡಲು ಚಿತೆ ಸಿದ್ಧವಾಗಿದೆ. ಆಗ 'ದಿ ಕ್ವೆಲ್ಲಾ ಪೀರಾ' ಎಂಬ ವೇಗದ ಹಾಡು ಸಿಡಿಯುತ್ತದೆ. ಸುದ್ದಿ ಹೊರಗಿನಿಂದಲೇ ಬರಬೇಕೆಂದಿಲ್ಲ. 'ಲಾ ತ್ರವಿಯಾತಾ'ದ ಮೊದಲ ಅಂಕದ ಕೊನೆಯಲ್ಲಿ ವಿಯೊಲೆತ್ತಾ ಒಬ್ಬಳೇ ಇದ್ದಾಳೆ. ಇದೆಲ್ಲ ಹುಚ್ಚು ಎಂದು ತನ್ನನ್ನೇ ಗದರಿಸಿಕೊಳ್ಳುವ ಆ ಗಳಿಗೆಯೇ ತಿರುವು. ನಿಮ್ಮ ಕರಡಿನಲ್ಲಿ ಆ ಜಾಗ ಖಾಲಿ ಇದ್ದರೆ, ವೇಗದ ಹಾಡು ಹಿಂದಿನದರ ಪುನರುಕ್ತಿಯಾಗುತ್ತದೆ.

ಈ ಕರಡನ್ನು ಸಂಯೋಜಕರಿಗೆ ಕೊಟ್ಟು, ಪ್ರತಿ ಹಾಡಿನ ಎದುರು ನಿಮಿಷ ಬರೆಸಿ. ಅವರು ಪಿಯಾನೊ ಮುಂದೆ ಕೂತು ಅಂದಾಜು ಹೇಳಬಲ್ಲರು. ಒಟ್ಟು ಕೂಡಿಸಿ. ಹೆಚ್ಚಾಯಿತೇ? ಹಂತ 2ಕ್ಕೆ ಹಿಂತಿರುಗಿ. ಗದ್ಯವನ್ನು ಹರಿದುಹಾಕಲು ಯಾರಿಗೂ ನೋವಾಗುವುದಿಲ್ಲ, ಗದ್ಯದಲ್ಲಿ ಬರೆಯುವ ದೊಡ್ಡ ಲಾಭವೇ ಅದು.

## ಹಂತ 5: ಛಂದಸ್ಸು, ಕನ್ನಡದ ಕಿವಿ ಮೋಸ ಹೋಗುವ ಜಾಗ

ಕನ್ನಡದ ಕಿವಿ ಮಾತ್ರೆ ಎಣಿಸುತ್ತದೆ. ಸಂಯುಕ್ತಾಕ್ಷರದ ಹಿಂದಿನದು ಗುರು, ದೀರ್ಘ ಗುರು, ಉಳಿದದ್ದು ಲಘು. ಇಟಾಲಿಯನ್‌ನಲ್ಲಿ ಈ ಲೆಕ್ಕವನ್ನು ಬದಿಗಿಡಿ. ಅಲ್ಲಿ ಎಣಿಸುವುದು ಉಚ್ಚಾರದ ಗುಂಪುಗಳನ್ನು, ಅದೂ ಸಾಲಿನ ಕೊನೆಯ ಒತ್ತಿನವರೆಗೆ. ಆ ಒತ್ತು ಎಷ್ಟನೆಯ ಸ್ಥಾನದಲ್ಲಿದೆಯೋ ಅದಕ್ಕೆ ಒಂದು ಸೇರಿಸಿದರೆ ಸಾಲಿನ ಹೆಸರು ಸಿಗುತ್ತದೆ. ಒತ್ತಿನ ನಂತರ ಎಷ್ಟು ಉಳಿಯಿತು ಎಂಬುದು ಲೆಕ್ಕಕ್ಕೇ ಇಲ್ಲ.

ಎರಡು ಸಾಲು ನೋಡಿ. 'ತಚೇಆ ಲಾ ನೊತ್ತೆ ಪ್ಲಾಚಿದ': ತ–ಚೇಆ–ಲಾ–ನೊತ್–ತೆ–ಪ್ಲಾ–ಚಿ–ದ. ಬಾಯಲ್ಲಿ ಎಂಟು ಗುಂಪು, ಆದರೆ ಕೊನೆಯ ಒತ್ತು ಆರನೆಯ 'ಪ್ಲಾ' ಮೇಲೆ. ಹಾಗಾಗಿ ಇದು ಏಳರ ಸಾಲು, ಸೆತ್ತೆನಾರಿಯೊ. 'ಕಾರೊ ನೋಮೆ ಕೆ ಇಲ್ ಮಿಯೊ ಕೋರ್': ಕಾ–ರೊ–ನೋ–ಮೆ–ಕೆಇಲ್–ಮಿಯೊ–ಕೋರ್. ಬಾಯಲ್ಲಿ ಏಳು, ಒತ್ತು ಏಳನೆಯದರ ಮೇಲೆ, ಆದ್ದರಿಂದ ಇದು ಎಂಟರ ಸಾಲು, ಒತ್ತೊನಾರಿಯೊ. ಎಂಟು ಗುಂಪಿನದು ಏಳರ ಸಾಲು, ಏಳು ಗುಂಪಿನದು ಎಂಟರ ಸಾಲು! ಈ ಒಂದು ಲೆಕ್ಕ ತಲೆಗೆ ಹತ್ತಿದರೆ ಅರ್ಧ ತಪ್ಪುಗಳು ತಾವಾಗಿ ಹೋಗುತ್ತವೆ.

ಸಾಲಿನ ಅಂತ್ಯ ಮೂರು ಬಗೆ. ಒತ್ತು ಕೊನೆಯ ಗುಂಪಿನ ಮೇಲಿದ್ದರೆ ತ್ರೋಂಕೊ, ಅದರ ಹಿಂದಿನದರ ಮೇಲಿದ್ದರೆ ಪಿಯಾನೊ, ಇನ್ನೂ ಒಂದು ಹಿಂದಕ್ಕೆ ಹೋದರೆ ಸ್ದ್ರುಚ್ಚೊಲೊ. ಹಾಡಿನ ಪ್ರತಿ ಚರಣದ ಕೊನೆಯ ಸಾಲನ್ನು ತ್ರೋಂಕೊ ಮಾಡುವುದು ರೂಢಿ. ಸಂಯೋಜಕರಿಗೆ ಗಟ್ಟಿ ತಾಳದ ಮೇಲೆ ಮುಗಿತಾಯ ಬೇಕು, ಮೆತ್ತಗೆ ಜಾರುವ ಅಂತ್ಯ ಅದಕ್ಕೆ ಒದಗುವುದಿಲ್ಲ. ಹಸ್ತಪ್ರತಿ ವಾಪಸು ಬರಲು ಇದೊಂದೇ ಲೋಪ ಸಾಕು.

ಒಂದು ಪದದ ಕೊನೆಯ ಸ್ವರವೂ ಮುಂದಿನ ಪದದ ಮೊದಲ ಸ್ವರವೂ ಸೇರಿ ಒಂದೇ ಗುಂಪಾಗುತ್ತವೆ. ಮೇಲಿನ 'ಕೆಇಲ್' ಹಾಗೆ. ನಮ್ಮ ಲೋಪಸಂಧಿಯಂತೆ ಒಂದು ಸ್ವರ ಬಿದ್ದುಹೋಗುವುದಿಲ್ಲ, ಎರಡೂ ಬರವಣಿಗೆಯಲ್ಲಿಯೂ ಬಾಯಲ್ಲಿಯೂ ಉಳಿಯುತ್ತವೆ. ಪ್ರಾಸವೂ ನಮ್ಮ ಆದಿಪ್ರಾಸವಲ್ಲ. ಸಾಲಿನ ಕೊನೆಯ ಒತ್ತಿನ ಸ್ವರದಿಂದ ಮುಂದಿನದೆಲ್ಲ ಕೂಡಬೇಕು.

ಇನ್ನು ಯಾವ ಅಳತೆ ಎಲ್ಲಿ ಎಂಬ ಪ್ರಶ್ನೆ. ರೆಚಿತಾತಿವೊಗೆ ಏಳು ಮತ್ತು ಹನ್ನೊಂದರ ಸಾಲುಗಳನ್ನು ಪ್ರಾಸವಿಲ್ಲದೆ, ಬೇಕಾದ ಹಾಗೆ ಬೆರೆಸಬಹುದು. ಹಾಡು ಶುರುವಾಗುವಲ್ಲಿ ಅಳತೆ ಬದಲಿಸಿ, ಸಮನಾಗಿಸಿ, ಪ್ರಾಸ ತನ್ನಿ. ಪುಟದ ಮೇಲೆ ಆ ಬದಲಾವಣೆ ಕಂಡ ಕೂಡಲೇ ಸಂಯೋಜಕರಿಗೆ ಇಲ್ಲಿಂದ ರಾಗ ಎಂದು ತಿಳಿಯುತ್ತದೆ. ಏಳು ಮತ್ತು ಎಂಟು ಎಲ್ಲ ಭಾವಕ್ಕೂ ಒಗ್ಗುತ್ತವೆ. ಹತ್ತರ ಸಾಲಿನಲ್ಲಿ 3, 6, 9ನೇ ಸ್ಥಾನದ ಒತ್ತು ಸ್ಥಿರವಾಗಿರುವುದರಿಂದ ಅದು ಸಮೂಹದ ನಡಿಗೆಗೆ ಹೇಳಿಸಿದ್ದು. 'ನಬುಕ್ಕೊ'ದ 'ವಾ, ಪೆನ್ಸಿಯೆರೊ' ಕೋರಸ್ ಹಾಗಿದೆ. ಐದರ ಸಾಲು ಚುರುಕು. 'ಲಾ ದೊನ್ನಾ ಎ ಮೊಬಿಲೆ' ಐದರದು. ಐದನ್ನು ಜೋಡಿಸಿದರೆ 'ದಿ ಕ್ವೆಲ್ಲಾ ಪೀರಾ'ದ ಕುದುರೆ ಓಟ ಬರುತ್ತದೆ. ಯಕ್ಷಗಾನದ ಪ್ರಸಂಗಕರ್ತ ಪದದ ತಲೆಯ ಮೇಲೆ ರಾಗ, ತಾಳ ನಮೂದಿಸಬಲ್ಲ. ಇಲ್ಲಿ ಕವಿಗೆ ಆ ಅಧಿಕಾರವಿಲ್ಲ. ಲಯದ ಬಗ್ಗೆ ನೀವು ಹೇಳಬಹುದಾದದ್ದೆಲ್ಲ ಈ ಅಳತೆಯ ಆಯ್ಕೆಯಲ್ಲಿಯೇ ಮುಗಿಯುತ್ತದೆ.

ಮೇಳಗೀತೆಗೆ ಒಂದು ನಿಯಮ ಸಾಕು: ಭಾವ ಎಷ್ಟು ಬೇರೆಯಾದರೂ ಅಳತೆ ಒಂದೇ ಇರಲಿ. 'ರಿಗೊಲೆತ್ತೊ'ದ ಕೊನೆಯ ಅಂಕದ ಚತುಷ್ಕದಲ್ಲಿ ಡ್ಯೂಕ್ ಓಲೈಸುತ್ತಾನೆ, ಮದ್ದಲೇನಾ ನಗುತ್ತಾಳೆ, ಜಿಲ್ದಾ ಅಳುತ್ತಾಳೆ, ಅವಳ ತಂದೆ ರಿಗೊಲೆತ್ತೊ ಸೇಡಿನ ಮಾತಾಡುತ್ತಾನೆ. ನಾಲ್ವರದ್ದೂ ಎಂಟರ ಸಾಲು. ಅದಕ್ಕೇ ಅವು ಒಂದರ ಮೇಲೊಂದು ಕೂರುತ್ತವೆ.

## ಹಂತ 6: ಬಾಯಿಗೆ ಒಗ್ಗುವ ಪದ, ರಂಗದ ಮೇಲೆ ಕೇಳುವ ಪದ

ಬರೆದದ್ದನ್ನು ಎತ್ತರದ ದನಿಯಲ್ಲಿ ಹಾಡಿ ನೋಡಿ. ಸ್ವರಜ್ಞಾನ ಇಲ್ಲದಿದ್ದರೂ ಸರಿ. ಶಿಖರಸ್ವರ ಬರಬಹುದಾದ ಜಾಗದಲ್ಲಿ ಬಾಯಿ ತೆರೆಯುವ 'ಆ' ಇದ್ದರೆ ಗಾಯಕರಿಗೆ ಸಲೀಸು. ಅಲ್ಲಿ ಒತ್ತುಳ್ಳ 'ಉ' ಅಥವಾ 'ಇ' ಇಟ್ಟರೆ ಅವರ ಗಂಟಲು ಬಿಗಿಯುತ್ತದೆ. ವ್ಯಂಜನಗಳ ರಾಶಿಯನ್ನು ವೇಗದ ಹಾಡಿನಲ್ಲಿ ತೆಗೆದುಹಾಕಿ. ಕಥೆ ಅರ್ಥವಾಗಲು ಬೇಕೇಬೇಕಾದ ಪದ ಸೊಪ್ರಾನೊದ ತುದಿಸ್ವರಗಳಲ್ಲಿ ಬರಬಾರದು, ಅಲ್ಲಿ ಎಲ್ಲ ಸ್ವರಾಕ್ಷರವೂ ಒಂದೇ ಆಗಿ ಕೇಳುತ್ತದೆ.

ಇದಕ್ಕಿಂತ ದೊಡ್ಡದು ವೆರ್ದಿ 'ಪರೋಲಾ ಶೇನಿಕಾ' ಎಂದು ಕರೆದದ್ದು: ಸನ್ನಿವೇಶವನ್ನು ಕೆತ್ತಿದಂತೆ ನಿಲ್ಲಿಸುವ ಮಾತು. 1870ರ ಆಗಸ್ಟ್‌ನಲ್ಲಿ 'ಐದಾ'ದ ಎರಡನೇ ಅಂಕದ ಯುಗಳದ ಬಗ್ಗೆ ಅವನು ಗಿಸ್ಲಾನ್ಸೋನಿಗೆ ಪತ್ರ ಬರೆದ. ಕವಿಯ ಕರಡಿನಲ್ಲಿ ರಾಜಕುಮಾರಿ ಅಮ್ನೇರಿಸ್ ಐದಾಳಿಗೆ, ತಾನೂ ಸೇನಾನಿ ರದಾಮೆಸ್‌ನ ಪ್ರೇಮದಲ್ಲಿ ಉರಿಯುತ್ತಿರುವುದಾಗಿ ಅಚ್ಚುಕಟ್ಟಾದ ಪದ್ಯದಲ್ಲಿ ತಿಳಿಸುತ್ತಿದ್ದಳು. ವೆರ್ದಿಗೆ ಬೇಕಿದ್ದದ್ದು ಬಡಿದಂತೆ ಬರುವ ತುಂಡು ಮಾತು: ನೀನು ಅವನನ್ನು ಪ್ರೀತಿಸುತ್ತೀಯೆ, ನಾನೂ ಪ್ರೀತಿಸುತ್ತೇನೆ, ಫರೋಹರ ಮಗಳು ನಿನಗೆ ಸವತಿ. ಹಾಗೆ ಬರೆದರೆ ಪ್ರಾಸವೂ ಚರಣವೂ ಕೆಡುತ್ತದೆ ಎಂದು ಕವಿ ಹೇಳುವುದು ವೆರ್ದಿಗೂ ಗೊತ್ತಿತ್ತು. ಕ್ರಿಯೆ ಬೇಡಿದಾಗ ಲಯ, ಪ್ರಾಸ, ಚರಣ ಮೂರನ್ನೂ ಬಿಡಬೇಕು ಎಂಬುದೇ ಅವನ ಉತ್ತರ. ಈಗ ನಾವು ಕೇಳುವ ಪಠ್ಯದಲ್ಲಿ ಆ ತುಂಡು ಮಾತುಗಳೇ ಇವೆ.

ಪರೀಕ್ಷೆ ಸುಲಭ. ಪ್ರತಿ ದೃಶ್ಯದಲ್ಲಿ, ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತವನಿಗೆ ಕೇಳಲೇಬೇಕಾದ ಒಂದು ಮಾತಿಗೆ ಗೆರೆ ಹಾಕಿ. ಗೆರೆ ಹಾಕಲು ಮಾತೇ ಸಿಗದಿದ್ದರೆ ಆ ದೃಶ್ಯದಲ್ಲಿ ಪದ್ಯವಿದೆ, ನಾಟಕವಿಲ್ಲ.

## ಹಂತ 7: ಕೊಡುವುದು, ತಿದ್ದುವುದು, ಮತ್ತೆ ಕೊಡುವುದು

ಅಂಕದಂತೆ ಕೊಡಿ, ಇಡಿಯಾಗಿ ಬೇಡ. ಪ್ರತಿ ಪ್ರತಿಯ ಮೇಲೂ ದಿನಾಂಕ ಇರಲಿ. ಸಂಯೋಜಕರು ಹಳೆಯ ಪ್ರತಿಗೆ ಸ್ವರ ಹಾಕಿ ಕೂತಿರುವುದು ನೀವಂದುಕೊಂಡದ್ದಕ್ಕಿಂತ ಹೆಚ್ಚು ಸಲ ಆಗುತ್ತದೆ.

ಕೆಲವೊಮ್ಮೆ ರಾಗ ಮೊದಲು ಹುಟ್ಟುತ್ತದೆ. 'ಲಾ ಬೊಹೇಮ್'ನ ಮುಸೆತ್ತಾಳ ವಾಲ್ಟ್ಸ್‌ಗೆ ಪುಚ್ಚೀನಿ ಲಿಬ್ರೆಟಿಸ್ಟ್ ಜುಸೆಪ್ಪೆ ಜಕೋಸಾನಿಗೆ ಲಯದ ಮಾದರಿಯಾಗಿ ಕೊಟ್ಟದ್ದು 'ಕೊಕ್ಕೊರಿಕೋ, ಕೊಕ್ಕೊರಿಕೋ, ಬಿಸ್ತೆಕ್ಕಾ' ಎಂಬ ಅರ್ಥವಿಲ್ಲದ ಸಾಲು, ಕೋಳಿಯ ಕೂಗು ಮತ್ತು ಮಾಂಸದ ತುಂಡು. ಇಂಥ ಸಾಲು ಬಂದರೆ ಅವಮಾನವೆಂದು ತಿಳಿಯಬೇಡಿ, ಇದಕ್ಕಿಂತ ಖಚಿತವಾದ ಸೂಚನೆ ಸಿಗುವುದಿಲ್ಲ. ಒತ್ತು ಎಲ್ಲೆಲ್ಲಿ ಬಿದ್ದಿದೆ ಎಂದು ಗುರುತಿಸಿ, ಅದೇ ಒತ್ತಿನ ಮೇಲೆ ಅರ್ಥವುಳ್ಳ ಪದ ಕೂರಿಸಿ. ಗುಂಪುಗಳ ಸಂಖ್ಯೆ ಸರಿಯಾಗಿದ್ದು ಒತ್ತು ತಪ್ಪಿದರೆ ಹಾಡುವಾಗ ಪದ ತಿರುಚಿಕೊಳ್ಳುತ್ತದೆ.

ಇಬ್ಬರು ಕವಿಗಳಿದ್ದರೆ ಕೆಲಸ ಹಂಚಿಕೊಳ್ಳಿ. ಇಲ್ಲಿಕಾ ದೃಶ್ಯರಚನೆ ಮತ್ತು ಸಂಭಾಷಣೆ ಮಾಡಿದರೆ ಜಕೋಸಾ ಪದ್ಯ ತಿದ್ದುತ್ತಿದ್ದ. ಪ್ರಕಾಶಕ ಜೂಲಿಯೊ ರಿಕೋರ್ದಿ ಮಧ್ಯಸ್ಥಿಕೆ ವಹಿಸುತ್ತಿದ್ದ. ಮಧ್ಯಸ್ಥರಿಲ್ಲದೆ ಇಂಥ ಕೂಟ ಉಳಿಯುವುದು ಕಷ್ಟ. ಪುಚ್ಚೀನಿಯ 'ಮನೋನ್ ಲೆಸ್ಕೊ' ಎಷ್ಟು ಕವಿಗಳ ಕೈ ದಾಟಿತೆಂದರೆ 1893ರಲ್ಲಿ ಅದರ ಲಿಬ್ರೆಟ್ಟೊ ಯಾರ ಹೆಸರೂ ಇಲ್ಲದೆ ಅಚ್ಚಾಯಿತು.

ಮುರಿಯುವ ಮುಂಚಿನ ಲಕ್ಷಣಗಳು ಹೀಗಿರುತ್ತವೆ. ಸಂಯೋಜಕರು ಪದಗಳ ಬಗ್ಗೆ ದೂರುವುದನ್ನು ನಿಲ್ಲಿಸಿ ಮೌನವಾಗುತ್ತಾರೆ. ಒಂದೇ ದೃಶ್ಯ ನಾಲ್ಕನೇ ಸಲ ವಾಪಸು ಬರುತ್ತದೆ; ಹಾಗಾದರೆ ತೊಂದರೆ ಪದ್ಯದಲ್ಲಿಲ್ಲ, ಗದ್ಯದ ಕರಡಿನಲ್ಲಿದೆ, ಅದನ್ನು ತೆಗೆಯಿರಿ. ನೀವು ಕೆಲಸದ ಬಗ್ಗೆ ಹೊರಗೆ ಮಾತಾಡಲು ಶುರು ಮಾಡುತ್ತೀರಿ. 1884ರಲ್ಲಿ, 'ಒತೆಲ್ಲೊ'ಗೆ ತಾನೇ ಸಂಗೀತ ಕೂಡಿಸಲಾಗಲಿಲ್ಲವೆಂದು ಬೊಯಿತೊ ವಿಷಾದಪಟ್ಟ ಎಂಬರ್ಥದ ವರದಿಯೊಂದು ಪತ್ರಿಕೆಯಲ್ಲಿ ಬಂತು. ಓದಿದ ವೆರ್ದಿ ಪಠ್ಯವನ್ನೇ ಹಿಂತಿರುಗಿಸಲು ಮುಂದಾದ. ಬೊಯಿತೊ ಸಮಾಧಾನಪಡಿಸಿದ್ದಷ್ಟೇ ಅಲ್ಲ, ಇಯಾಗೊ ಪಾತ್ರಕ್ಕೆ ಹೊಸದಾಗಿ ಬರೆದ 'ಕ್ರೇದೊ' ಸಾಲುಗಳನ್ನೂ ಕಳುಹಿಸಿದ. ವಿವರಣೆಯ ಪತ್ರಕ್ಕಿಂತ ಒಳ್ಳೆಯ ಹೊಸ ಪುಟ ಬೇಗ ಕೆಲಸ ಮಾಡುತ್ತದೆ.

## ಹಂತ 8: ತಾಲೀಮು, ಮುದ್ರಣ, ಪ್ರದರ್ಶನದ ನಂತರ

ಪಿಯಾನೊ ತಾಲೀಮಿನಲ್ಲಿ ಪಠ್ಯ ಮತ್ತು ಪೆನ್ಸಿಲ್ ಹಿಡಿದು ಕೂತು, ಗಾಯಕರು ಎಲ್ಲಿ ಉಸಿರು ಎಳೆಯುತ್ತಾರೆ ಎಂದು ಗುರುತಿಸಿ. ಪದದ ನಡುವೆ ಉಸಿರು ಬಿದ್ದರೆ ಬದಲಿಸಬೇಕಾದದ್ದು ನಿಮ್ಮ ಸಾಲು.

ಮುದ್ರಣಕ್ಕೆ ಕೊಡುವ ಮೊದಲು ಸ್ವರಲಿಪಿಯ ಪಠ್ಯದ ಜೊತೆ ಸಾಲುಸಾಲಾಗಿ ಹೋಲಿಸಿ. ಸಂಗೀತ ಹಾಕದೆ ಬಿಟ್ಟ ಸಾಲುಗಳನ್ನು ಹಳೆಯ ಇಟಾಲಿಯನ್ ಮುದ್ರಣಗಳಲ್ಲಿ ಉದ್ಧರಣ ಚಿಹ್ನೆಯೊಳಗೆ ಉಳಿಸುತ್ತಿದ್ದರು. ಓದುಗನಿಗೆ ಕಥೆ ಸಿಗುತ್ತಿತ್ತು, ಕವಿಗೂ ತನ್ನ ಸಾಲು ಅಚ್ಚಾದ ತೃಪ್ತಿ. ಒಳ್ಳೆಯ ಪದ್ಧತಿ, ಕೇಳಿ ನೋಡಿ.

ಒಪ್ಪಂದದಲ್ಲಿ ಮೊದಲ ಪ್ರದರ್ಶನದ ನಂತರದ ತಿದ್ದುಪಡಿಗೂ ಸಮಯ ಮತ್ತು ಸಂಭಾವನೆ ನಮೂದಿಸಿಕೊಳ್ಳಿ. 'ಮದಾಮಾ ಬಟರ್‌ಫ್ಲೈ' 1904ರ ಫೆಬ್ರವರಿ 17ರಂದು ಮಿಲಾನಿನ ಲಾ ಸ್ಕಾಲಾದಲ್ಲಿ ಗದ್ದಲದ ನಡುವೆ ಬಿದ್ದಿತು. ಉದ್ದದ ಎರಡನೇ ಅಂಕವನ್ನು ಎರಡು ಭಾಗ ಮಾಡಿ, ಟೆನರ್‌ಗೆ ಒಂದು ಪುಟ್ಟ ಹಾಡು ಸೇರಿಸಿ, ಮೇ 28ರಂದು ಬ್ರೇಶಾದಲ್ಲಿ ಮತ್ತೆ ಆಡಿದಾಗ ಗೆದ್ದಿತು. ನಡುವೆ ಸಿಕ್ಕಿದ್ದು ಮೂರು ತಿಂಗಳು ಚಿಲ್ಲರೆ. ಮೊದಲ ಪ್ರದರ್ಶನದ ಮರುದಿನವೇ ಊರಿಗೆ ಹೋಗುವ ಟಿಕೆಟ್ ಕಾಯ್ದಿರಿಸಬೇಡಿ.